ತಾಂತುಮ್ ಎರ್ಗೊ ಹಳೆಯ ಧಾಟಿಯಲ್ಲಿ ಹಾಡುವುದು ಹೇಗೆ? ಲ್ಯಾಟಿನ್ ಬಾರದವರಿಗೆ ಮಾರ್ಗದರ್ಶಿ

ಈಸ್ಟರ್‌ಗೆ ಮುಂಚಿನ ಪವಿತ್ರ ವಾರ ಹತ್ತಿರ ಬಂದ ಹಾಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ನಮ್ಮ ಗಾಯನ ವೃಂದದಲ್ಲಿ ಯಾರಿಗೂ ಲ್ಯಾಟಿನ್ ಬರುವುದಿಲ್ಲ. ಪಾಶ್ಚಾತ್ಯ ಸಂಗೀತದ ನೊಟೇಶನ್ ಕೂಡ ಗೊತ್ತಿಲ್ಲ. ಆದರೂ ತಾಂತುಮ್ ಎರ್ಗೊವನ್ನು ಹಳೆಯ ಧಾಟಿಯಲ್ಲಿ ಹಾಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡೋದು?"

ತಾಂತುಮ್ ಎರ್ಗೊ ಎಂದರೆ ಪರಮಪ್ರಸಾದದ, ಅಂದರೆ ಪೂಜೆಯಲ್ಲಿ ಅರ್ಪಿಸಿದ ಪವಿತ್ರ ರೊಟ್ಟಿಯ, ಆರಾಧನೆಯಲ್ಲಿ ಹಾಡುವ ಲ್ಯಾಟಿನ್ ಗೀತೆ. ಖಂಡಿತ ಹಾಡಬಹುದು. ಕನ್ನಡದ ನಾಲಿಗೆಗೆ ಈ ಹಾಡು ನೀವು ಅಂದುಕೊಂಡಷ್ಟು ಕಷ್ಟವಲ್ಲ. ಕೆಲವು ಅಭ್ಯಾಸಗಳನ್ನು ಬಿಡಬೇಕು, ಅಷ್ಟೇ. ಈ ಲೇಖನದ ಉದ್ದಕ್ಕೂ ಒಂದು ಮಾತನ್ನು ಹಿಡಿದುಕೊಳ್ಳಿ: ಮೊದಲು ಪದ, ಆಮೇಲೆ ಧಾಟಿ. ಗ್ರೆಗೋರಿಯನ್ ಚಾಂಟ್ ಎಂದರೆ ಸ್ವರ ಹಿಡಿದು ಓದುವ ಪ್ರಾರ್ಥನೆ. ಪದ ಬಾಯಲ್ಲಿ ಕೂತರೆ ಧಾಟಿ ಅದರ ಮೇಲೆ ತಾನಾಗಿ ಕೂರುತ್ತದೆ. ಉಲ್ಟಾ ಮಾಡಿದರೆ ಕೂರುವುದಿಲ್ಲ. ನಾನು ಮೊದಲ ಸಲ ಕಲಿಸಿದಾಗ ಧಾಟಿಯಿಂದ ಶುರು ಮಾಡಿದ್ದೆ. ತಪ್ಪಾಗಿ ಕೂತ ಪದಗಳನ್ನು ತಿದ್ದುವುದಕ್ಕೇ ಆಮೇಲೆ ಎರಡು ವಾರ ಬೇಕಾಯಿತು.

ಹಾಡಿನ ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. 1264ರಲ್ಲಿ ನಾಲ್ಕನೇ ಅರ್ಬನ್ ಜಗದ್ಗುರುಗಳು (ಪೋಪ್) ಪರಮಪ್ರಸಾದದ ಹಬ್ಬವನ್ನು ಇಡೀ ಧರ್ಮಸಭೆಗೆ ವಿಧಿಸಿದರು. ಆ ಹಬ್ಬದ ಪ್ರಾರ್ಥನೆಗಳಿಗಾಗಿ ಸಂತ ತೋಮಸ್ ಅಕ್ವಿನಾಸ್ ಬರೆದ ಗೀತೆ ಪಾಂಜೆ ಲಿಂಗ್ವಾ. ಅದರಲ್ಲಿ ಆರು ಚರಣಗಳಿವೆ. ಕೊನೆಯ ಎರಡು ಚರಣಗಳೇ ನಮ್ಮ ತಾಂತುಮ್ ಎರ್ಗೊ. 1960ರ ದಶಕದವರೆಗೆ ನಮ್ಮ ಊರುಗಳಲ್ಲೂ ಪೂಜೆ ಲ್ಯಾಟಿನ್‌ನಲ್ಲೇ ನಡೆಯುತ್ತಿತ್ತು. ಹಾಗಾಗಿ ಈ ಸಾಲುಗಳನ್ನು ಬಾಯಿಪಾಠವಾಗಿ ಬಲ್ಲ ಹಿರಿಯರು ನಿಮ್ಮ ಧರ್ಮಕೇಂದ್ರದಲ್ಲೂ ಇರಬಹುದು. ಅವರನ್ನು ಅಭ್ಯಾಸಕ್ಕೆ ಕರೆಯಿರಿ. ಅವರು ಬಲ್ಲ ಧಾಟಿ ಬೇರೆಯೇ ಇದ್ದರೂ ಅವರ ಉಚ್ಚಾರಣೆ ನಿಮಗೆ ದೊಡ್ಡ ಸಹಾಯ.

"ಈಗ ಲ್ಯಾಟಿನ್ ಹಾಡಬಹುದಾ?" ಅಂತಲೂ ತುಂಬ ಜನ ಕೇಳುತ್ತಾರೆ. ಹಾಡಬಹುದು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಪೂಜಾವಿಧಿಯ ಬಗ್ಗೆ ಹೊರಡಿಸಿದ ದಸ್ತಾವೇಜು, ಉಳಿದೆಲ್ಲ ಸಮನಾಗಿದ್ದರೆ ಗ್ರೆಗೋರಿಯನ್ ಗಾನಕ್ಕೆ ಮೊದಲ ಸ್ಥಾನ ಸಿಗಬೇಕು ಎಂದೇ ಹೇಳುತ್ತದೆ. ಆದರೂ ನಿಮ್ಮ ಧರ್ಮಕೇಂದ್ರದ ಗುರುಗಳ ಹತ್ತಿರ ಮೊದಲೇ ಮಾತಾಡಿ. ಹಬ್ಬದ ಹಿಂದಿನ ದಿನ ಹೇಳುವ ವಿಷಯ ಇದಲ್ಲ.

ಏನೇನು ಬೇಕು?

ಜಾಸ್ತಿ ಏನೂ ಬೇಡ. ಹಾಡಿನ ಒಂದು ಹಾಳೆ, ಒಂದು ಪೆನ್ಸಿಲ್, ಫೋನಿನಲ್ಲಿ ತಂಬೂರಿ ಆ್ಯಪ್ ಅಥವಾ ಶ್ರುತಿ ಪೆಟ್ಟಿಗೆ. ಜೊತೆಗೆ ನಾಲ್ಕೈದು ಜನ. ದಿನಕ್ಕೆ 20 ನಿಮಿಷದಂತೆ ಮೂರು ವಾರ ಇಟ್ಟುಕೊಳ್ಳಿ. ಭಾನುವಾರ ಒಂದೇ ದಿನ ಎರಡು ಗಂಟೆ ಕೂರುವುದಕ್ಕಿಂತ ದಿನಾ ಸ್ವಲ್ಪ ಸ್ವಲ್ಪ ಮಾಡಿದರೆ ಚೆನ್ನಾಗಿ ಬಾಯಿಗೆ ಬರುತ್ತದೆ.

ಹಂತ 1: ಸರಿಯಾದ ಹಾಳೆ ಹುಡುಕಿ

ತಾಂತುಮ್ ಎರ್ಗೊಗೆ ಬಹಳ ಧಾಟಿಗಳಿವೆ. ಯೂಟ್ಯೂಬಿನಲ್ಲಿ ಹುಡುಕಿದರೆ ಮೊದಲು ಸಿಗುವುದು ನಾಲ್ಕು ಕಂಠದ ಸಂಯೋಜನೆಯೋ ಆರ್ಗನ್ ಜೊತೆಗಿನ ಹೊಸ ಧಾಟಿಯೋ ಆಗಿರಬಹುದು. ನಮಗೆ ಬೇಕಾದದ್ದು ಪಾಂಜೆ ಲಿಂಗ್ವಾದ ಮೂರನೇ ಮೋಡಿನ ಧಾಟಿ. ಮೋಡ್ ಎಂದರೆ ಸ್ವರಗಳ ಮನೆ ಎಂದುಕೊಳ್ಳಿ: ಯಾವ ಸ್ವರಗಳಲ್ಲಿ ಓಡಾಡಬೇಕು, ಕೊನೆಗೆ ಯಾವ ಸ್ವರಕ್ಕೆ ಬಂದು ನಿಲ್ಲಬೇಕು ಎಂಬ ಕಟ್ಟಳೆ. ಚಾಂಟಿನಲ್ಲಿ ಇಂಥ ಎಂಟು ಮೋಡುಗಳಿವೆ. ಹಾಳೆಯಲ್ಲಿ ಮೊದಲ ಅಕ್ಷರದ ಮೇಲೆ ಅದರ ಸಂಖ್ಯೆ ಇರುತ್ತದೆ. 3 ಅಂತಲೋ, ರೋಮನ್ ಅಂಕಿಯ ಮೂರು ಗೆರೆಗಳೋ ಕಂಡರೆ ಸರಿ. ಐದನೇ ಮೋಡಿನ ಒಂದು ಧಾಟಿಯೂ ಓಡಾಡುತ್ತದೆ, ಅದೂ ಸುಂದರವಾದದ್ದೇ. ಆದರೆ ಅರ್ಧ ಜನ ಒಂದನ್ನು ಕೇಳಿಕೊಂಡು ಬಂದು ಇನ್ನರ್ಧ ಜನ ಇನ್ನೊಂದನ್ನು ಕಲಿತರೆ ಅಭ್ಯಾಸ ಅಲ್ಲೇ ನಿಂತುಬಿಡುತ್ತದೆ. ಹಾಗಾಗಿ ಒಬ್ಬರೇ ಹಾಳೆಯನ್ನೂ ರೆಕಾರ್ಡಿಂಗನ್ನೂ ಆರಿಸಿ ಎಲ್ಲರಿಗೂ ಕಳುಹಿಸಲಿ.

ಚೌಕ ಸ್ವರಗಳಿರುವ, ನಾಲ್ಕು ಗೆರೆಯ ಹಾಳೆಯನ್ನೇ ತೆಗೆದುಕೊಳ್ಳಿ. ಗ್ರೆಗೊಬೇಸ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಐದು ಗೆರೆಯ ಮಾಮೂಲಿ ನೊಟೇಶನ್‌ಗಿಂತ ಇದು ಸುಲಭ. ಯಾಕೆ ಅಂತ ಐದನೇ ಹಂತದಲ್ಲಿ ನೋಡೋಣ.

ಹಂತ 2: ಪದಗಳನ್ನು ಬಾಯಿಬಿಟ್ಟು ಓದಿ

ಮೊದಲ ಐದಾರು ದಿನ ಸ್ವರದ ಗೊಡವೆಯೇ ಬೇಡ. ಬರೀ ಓದಿ. ಇದನ್ನು ಕನ್ನಡ ಲಿಪಿಯಲ್ಲಿ ಹೀಗೆ ಬರೆದುಕೊಳ್ಳಬಹುದು:

ತಾಂತುಮ್ ಏರ್ಗೊ ಸಾಕ್ರಾಮೇಂತುಮ್
ವೆನೆರೇಮುರ್ ಚೇರ್ನು-ಇ
ಎತ್ ಆಂತೀಕ್ವುಮ್ ದೊಕುಮೇಂತುಮ್
ನೋವೊ ಚೇದಾತ್ ರೀತು-ಇ
ಪ್ರೇಸ್ತೆತ್ ಫೀದೆಸ್ ಸುಪ್ಪ್ಲೆಮೇಂತುಮ್
ಸೇನ್ಸು-ಉಮ್ ದೆಫೇಕ್ತು-ಇ

ಜೆನಿತೋರಿ ಜೆನಿತೋಕ್ವೆ
ಲಾಉಸ್ ಎತ್ ಯುಬಿಲಾತ್ಸಿ-ಒ
ಸಾಲುಸ್ ಓನೊರ್ ವೀರ್ತುಸ್ ಕ್ವೋಕ್ವೆ
ಸಿತ್ ಎತ್ ಬೆನೆದೀಕ್ತ್ಸಿ-ಒ
ಪ್ರೊಚೆದೇಂತಿ ಆಬ್ ಉತ್ರೋಕ್ವೆ
ಕೋಂಪಾರ್ ಸಿತ್ ಲಾಉದಾತ್ಸಿ-ಒ
ಆಮೆನ್

ಇಲ್ಲಿ ದೀರ್ಘ ಹಾಕಿರುವುದು ಎಳೆಯಲಿ ಅಂತ ಅಲ್ಲ. ಆ ಅಕ್ಷರದ ಮೇಲೆ ಒತ್ತು ಬರುತ್ತದೆ ಎಂದು ತೋರಿಸುವುದಕ್ಕೆ. 'ಆ' ಮಾತ್ರ ಇದಕ್ಕೆ ಹೊರತು. ಲ್ಯಾಟಿನ್‌ನಲ್ಲಿ ನಮ್ಮ ಮೊಟಕು 'ಅ' ಇಲ್ಲ. ಒತ್ತು ಇರಲಿ ಬಿಡಲಿ, ಯಾವಾಗಲೂ ಬಾಯಿ ತೆರೆದ 'ಆ'.

ನಮಗೆ ಒಳ್ಳೆಯ ಸುದ್ದಿ ಏನೆಂದರೆ, ಇಲ್ಲಿನ ತಕಾರ ನಮ್ಮ 'ತ'ವೇ. ದಕಾರ ನಮ್ಮ 'ದ'ವೇ. ಇಂಗ್ಲಿಷಿನ ಮೂಲಕ ಓದಿದವರು 'ಟ್ಯಾಂಟಮ್ ಅರ್ಗೊ' ಎನ್ನುತ್ತಾರೆ. ಅದು ಬೇಡ. ಹಲ್ಲಿಗೆ ನಾಲಿಗೆ ತಾಗಿಸಿ 'ತಾಂತುಮ್' ಎಂದರೆ ರೋಮಿನಲ್ಲಿ ಹೇಳುವುದಕ್ಕೆ ಬಹಳ ಹತ್ತಿರವಾಗುತ್ತದೆ. ಮಹಾಪ್ರಾಣಗಳೂ ಇಲ್ಲ. ಹಾಗಾಗಿಯೇ ನಾನು ಇಂಗ್ಲಿಷ್ ಅಕ್ಷರ ನೋಡಿ ಓದಬೇಡಿ, ಕನ್ನಡದಲ್ಲೇ ಬರೆದುಕೊಳ್ಳಿ ಎನ್ನುವುದು.

ಮೂಲ ಹಾಳೆ ರೋಮನ್ ಅಕ್ಷರದಲ್ಲೇ ಇರುತ್ತದೆ. ಅದನ್ನು ಓದಲು ಈ ನಿಯಮಗಳು ಸಾಕು. ಇವು ಧರ್ಮಸಭೆಯಲ್ಲಿ ಬಳಕೆಯಲ್ಲಿರುವ ರೋಮನ್ ಉಚ್ಚಾರಣೆಯ ನಿಯಮಗಳು.

'ಸಿ' ಅಕ್ಷರದ ಮುಂದೆ 'ಎ' ಅಥವಾ 'ಇ' ಸ್ವರ ಬಂದರೆ ಅದು 'ಚ'. ಇಲ್ಲದಿದ್ದರೆ 'ಕ'. ಅದಕ್ಕೇ ಚೇರ್ನು-ಇ, ಆದರೆ ಸಾಕ್ರಾಮೇಂತುಮ್.

'ಜಿ' ಕೂಡ ಹಾಗೇ. 'ಎ', 'ಇ' ಮುಂದಿದ್ದರೆ 'ಜ', ಇಲ್ಲವಾದರೆ 'ಗ'. ಜೆನಿತೋರಿ, ಏರ್ಗೊ.

'ಜೆ' ಅಕ್ಷರ 'ಯ' ಆಗುತ್ತದೆ. ಯುಬಿಲಾತ್ಸಿ-ಒ.

ಪದದ ಒಳಗೆ 'ತಿ' ಆದಮೇಲೆ ಇನ್ನೊಂದು ಸ್ವರ ಬಂದರೆ ಅದು 'ತ್ಸಿ'. ಆದರೆ ಪ್ರೊಚೆದೇಂತಿ ಎಂಬುದರ ಕೊನೆಯ 'ತಿ' ಹಾಗೇ ಉಳಿಯುತ್ತದೆ, ಏಕೆಂದರೆ ಮುಂದಿನ 'ಆ' ಬೇರೆ ಪದದ್ದು.

'ಹೆಚ್' ಬರೆದಿದ್ದರೂ ಹೇಳುವುದಿಲ್ಲ. ಹೋನೊರ್ ಅಲ್ಲ, ಓನೊರ್.

ರೋಮನ್ ಅಕ್ಷರಗಳಾದ 'a' ಮತ್ತು 'e' ಜೋಡಿಯಾಗಿ ಬಂದರೆ ಒಂದೇ 'ಎ' ಧ್ವನಿ. ಪ್ರೇಸ್ತೆತ್.

ಈಗ ಎಚ್ಚರಿಕೆಗಳು. ಇವು ಯಾವ ಇಂಗ್ಲಿಷ್ ಪುಸ್ತಕದಲ್ಲೂ ಇರುವುದಿಲ್ಲ, ಏಕೆಂದರೆ ಇವು ನಮ್ಮ ನಾಲಿಗೆಯ ಅಭ್ಯಾಸಗಳು.

ಒಂದು, ನಾವು ಮಾತಿನಲ್ಲಿ 'ಎ'ಯನ್ನು 'ಯೆ' ಎಂದೂ 'ಒ'ವನ್ನು 'ವೊ' ಎಂದೂ ಶುರು ಮಾಡುತ್ತೇವೆ. ಎಲೆ ಯೆಲೆಯಾಗುತ್ತದೆ, ಒಲೆ ವೊಲೆಯಾಗುತ್ತದೆ. ಇಲ್ಲಿ 'ಯೆತ್', 'ಯೇರ್ಗೊ', 'ವೋನೊರ್' ಆಗಬಾರದು. ಸ್ವರವನ್ನು ಗಂಟಲಿನಿಂದ ನೇರವಾಗಿ ತೆಗೆಯಿರಿ.

ಎರಡು, ಶಾಲೆಯಲ್ಲಿ ಓದಿದ ಆಗಮ ಸಂಧಿ ನೆನಪಿದೆ ಅಲ್ವಾ? ಎರಡು ಸ್ವರ ಎದುರಾದಾಗ ನಮ್ಮ ನಾಲಿಗೆ ತಾನಾಗಿ 'ಯ' ಅಥವಾ 'ವ' ಸೇರಿಸುತ್ತದೆ. 'ರೀತು-ಇ' ಎಂಬುದು 'ರೀತುವಿ' ಆಗಿಬಿಡುತ್ತದೆ. 'ಸೇನ್ಸು-ಉಮ್' 'ಸೇನ್ಸುವುಮ್' ಆಗುತ್ತದೆ. ಇನ್ನೂ ಕೆಟ್ಟದ್ದು, 'ಪ್ರೊಚೆದೇಂತಿ ಆಬ್' ಎಂಬುದು 'ಪ್ರೊಚೆದೇಂತ್ಯಾಬ್' ಆಗಿ ಒಂದು ಅಕ್ಷರವೇ ಕಾಣೆಯಾಗುತ್ತದೆ. ಅಕ್ಷರ ಹೋದರೆ ಧಾಟಿಯಲ್ಲಿ ಅದಕ್ಕಿರುವ ಸ್ವರಕ್ಕೆ ಕೂರಲು ಜಾಗವಿಲ್ಲ.

ಇದನ್ನು ಹಿಡಿಯಲು ಒಂದು ಸುಲಭ ಉಪಾಯ ಇದೆ. ಪ್ರತಿ ಚರಣದ ಸಾಲುಗಳಲ್ಲಿ ಅಕ್ಷರಗಳ ಲೆಕ್ಕ 8, 7, 8, 7, 8, 7. ಬೆರಳು ಮಡಚಿ ಎಣಿಸುತ್ತ ಓದಿ. 'ಲಾಉ' ಎಂಬುದನ್ನು ಮಾತ್ರ ಒಂದೇ ಅಕ್ಷರವಾಗಿ ಎಣಿಸಿ. ಎಂಟರ ಸಾಲು ಏಳಕ್ಕೇ ಮುಗಿದರೆ ಎಲ್ಲೋ ಸಂಧಿ ಮಾಡಿದ್ದೀರಿ ಎಂದರ್ಥ. (ಈ ಲೆಕ್ಕ ಅಕ್ವಿನಾಸರಿಗಿಂತ ಬಹಳ ಹಳೆಯದು. 569ರಲ್ಲಿ ಪವಿತ್ರ ಶಿಲುಬೆಯ ಒಂದು ತುಂಡು ಫ್ರಾನ್ಸಿನ ಪ್ವಾತಿಯೆಗೆ ಬಂದಾಗ ಕವಿ ವೆನಾಂಷಿಯಸ್ ಫಾರ್ಚುನಾಟಸ್ ಬರೆದ ಶಿಲುಬೆಯ ಗೀತೆಯೂ ಇದೇ ಛಂದಸ್ಸಿನಲ್ಲಿದೆ. ಅದೂ ಪಾಂಜೆ ಲಿಂಗ್ವಾ ಎಂದೇ ಶುರುವಾಗುತ್ತದೆ. ಹುಡುಕುವಾಗ ಎರಡನ್ನೂ ಒಂದೇ ಅಂದುಕೊಳ್ಳಬೇಡಿ.)

ಮೂರು, ಕೊನೆಯ ವ್ಯಂಜನ. ಕನ್ನಡದಲ್ಲಿ ಪದಗಳು ಸ್ವರದಿಂದ ಮುಗಿಯುತ್ತವೆ. ಅದಕ್ಕೇ ಬಸ್ ಬಸ್ಸು ಆಯಿತು, ಕಾರ್ ಕಾರು ಆಯಿತು. ಹಾಡುವಾಗ 'ತಾಂತುಮು', 'ಎತ್ತು' ಎಂದು ಬಂದುಬಿಡುತ್ತದೆ. 'ಮ್' ಎಂದಾಗ ತುಟಿ ಮುಚ್ಚಿ ಅಲ್ಲೇ ಬಿಡಿ. ಕೊನೆಯ 'ಸ್', 'ತ್', 'ರ್' ಹಗುರವಾಗಿ, ಎಲ್ಲರೂ ಒಂದೇ ಕ್ಷಣಕ್ಕೆ ಹೇಳಿ. ಹತ್ತು ಜನ ಹತ್ತು ಕಡೆ 'ಸ್' ಎಂದರೆ ಇಡೀ ದೇವಾಲಯದಲ್ಲಿ ಬುಸುಗುಟ್ಟಿದಂತೆ ಕೇಳುತ್ತದೆ.

ಹಂತ 3: ಅರ್ಥ ತಿಳಿಯಿರಿ

ಅರ್ಥ ಗೊತ್ತಿಲ್ಲದೆ ಹಾಡಿದರೆ ಅದು ಸದ್ದು ಮಾತ್ರ. ಸಾಲು ಸಾಲಾಗಿ ಹೀಗಿದೆ.

ಆದ್ದರಿಂದ ಇಷ್ಟು ದೊಡ್ಡ ಸಂಸ್ಕಾರವನ್ನು ತಲೆಬಾಗಿ ಆರಾಧಿಸೋಣ. ಹಳೆಯ ವಿಧಿ ಹೊಸ ಆಚರಣೆಗೆ ಜಾಗ ಬಿಡಲಿ. ಇಂದ್ರಿಯಗಳಿಗೆ ಎಟುಕದ್ದನ್ನು ವಿಶ್ವಾಸ ತುಂಬಿಕೊಡಲಿ.

ಎರಡನೇ ಚರಣ ತ್ರಿತ್ವದ ಸ್ತುತಿ. ಜನ್ಮ ಕೊಟ್ಟ ಪಿತನಿಗೂ ಜನಿಸಿದ ಸುತನಿಗೂ ಸ್ತುತಿ, ಜಯಘೋಷ, ರಕ್ಷಣೆ, ಗೌರವ, ಶಕ್ತಿ, ಆಶೀರ್ವಾದ ಇರಲಿ. ಇಬ್ಬರಿಂದಲೂ ಹೊರಡುವ ಆತ್ಮರಿಗೂ ಸಮನಾದ ಸ್ತುತಿ ಸಲ್ಲಲಿ.

ಮೊದಲ ಚರಣದ ಕೊನೆಯ ಎರಡು ಸಾಲುಗಳ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಎದುರಿಗೆ ಪೀಠದ ಮೇಲೆ ಇರುವುದು ಕಣ್ಣಿಗೆ ರೊಟ್ಟಿ. ನಾಲಿಗೆಗೂ ರೊಟ್ಟಿ. ಇಂದ್ರಿಯಗಳು ಅಲ್ಲಿಗೆ ನಿಲ್ಲುತ್ತವೆ, ಮುಂದಕ್ಕೆ ಕರೆದೊಯ್ಯುವುದು ವಿಶ್ವಾಸ. ಪರಮಪ್ರಸಾದದ ಎದುರು ಮಂಡಿಯೂರಿದ ಪ್ರತಿಯೊಬ್ಬರ ಅನುಭವ ಆ ಎರಡು ಸಾಲಿನಲ್ಲಿದೆ. ಇದು ತಿಳಿದಮೇಲೆ ಆ ಸಾಲನ್ನು ಯಾರೂ ಅರಚಿ ಹಾಡುವುದಿಲ್ಲ. ಪೆನ್ಸಿಲಿನಲ್ಲಿ ಅರ್ಥವನ್ನು ಹಾಳೆಯ ಮೇಲೆಯೇ ಬರೆದುಕೊಳ್ಳಿ.

ಹಂತ 4: ಒತ್ತು

ಕನ್ನಡದಲ್ಲಿ ಒತ್ತಿನಿಂದ ಪದದ ಅರ್ಥ ಬದಲಾಗುವುದಿಲ್ಲ, ಅದಕ್ಕೇ ನಾವು ಎಲ್ಲ ಅಕ್ಷರವನ್ನೂ ಸಮವಾಗಿ ಹೇಳುತ್ತೇವೆ. ಲ್ಯಾಟಿನ್ ಹಾಗಲ್ಲ. ಪ್ರತಿ ಪದಕ್ಕೂ ಒಂದು ಒತ್ತಿನ ಅಕ್ಷರ ಇರುತ್ತದೆ. ಎರಡಕ್ಷರದ ಪದವಾದರೆ ಮೊದಲನೆಯದಕ್ಕೆ. ದೊಡ್ಡ ಪದಗಳಲ್ಲಿ ಒತ್ತಿನ ಸ್ವರದ ಮೇಲೆ ಮುದ್ರಿತ ಹಾಳೆಯಲ್ಲೇ ಓರೆ ಗೆರೆ ಹಾಕಿರುತ್ತಾರೆ. ಅದನ್ನು ಸುತ್ತು ಹಾಕಿ ಗುರುತಿಸಿ. ಹೇಳುವಾಗ ಅಲ್ಲಿ ಸ್ವಲ್ಪ ಎತ್ತಿ, ಪದದ ಕೊನೆಯಲ್ಲಿ ಇಳಿಸಿ. ಎತ್ತಿ ಎಂದರೆ ಗುದ್ದಿ ಅಂತ ಅಲ್ಲ, ಮಗುವನ್ನು ಎತ್ತಿದ ಹಾಗೆ.

ಹಂತ 5: ನಾಲ್ಕು ಗೆರೆಯ ಹಾಳೆ ಓದುವುದು

ಈಗ ಸ್ವರಕ್ಕೆ ಬನ್ನಿ. ಎಡಗಡೆ ಮೊದಲಿಗೆ ಇಂಗ್ಲಿಷಿನ 'ಸಿ' ಅಕ್ಷರದಂಥ ಗುರುತು ಕಾಣುತ್ತದೆ. ಇದು ಕೀಲಿ. ಅದು ಯಾವ ಗೆರೆಯನ್ನು ಹಿಡಿದಿದೆಯೋ ಆ ಗೆರೆ 'ದೊ'. ನಮ್ಮ ಹಾಡಿನಲ್ಲಿ ಅದು ಎಲ್ಲಕ್ಕಿಂತ ಮೇಲಿನ ಗೆರೆಯಲ್ಲಿದೆ. ಅಲ್ಲಿಂದ ಕೆಳಗೆ ಎಣಿಸಿದರೆ ಗೆರೆಗಳು ದೊ, ಲಾ, ಫಾ, ರೆ. ನಡುವಿನ ಖಾಲಿ ಜಾಗಗಳು ತಿ, ಸೊಲ್, ಮಿ. ಅಷ್ಟೇ. ಇಲ್ಲಿ ಶ್ರುತಿ ಸ್ಥಿರವಲ್ಲ. 'ದೊ' ಎಲ್ಲಿರಬೇಕು ಎಂಬುದನ್ನು ನಿಮ್ಮ ಗಂಟಲು ತೀರ್ಮಾನಿಸುತ್ತದೆ, ನಮ್ಮ 'ಸ' ಇದ್ದ ಹಾಗೆಯೇ. ಅದಕ್ಕೇ ಸರಿಗಮ ಬಲ್ಲವರಿಗೆ ಈ ಪದ್ಧತಿ ಬೇಗ ಹತ್ತುತ್ತದೆ.

ಈ ದೊ, ರೆ, ಮಿ ಹೆಸರುಗಳ ಮೂಲವೂ ಚಾಂಟೇ. ಹನ್ನೊಂದನೇ ಶತಮಾನದಲ್ಲಿ ಇಟಲಿಯ ಅರೆತ್ಸೊದ ಗ್ವೀದೊ ಎಂಬ ಸನ್ಯಾಸಿ ಸ್ನಾನಿಕ ಯೊವಾನ್ನರ ಹಬ್ಬದ ಒಂದು ಗೀತೆಯನ್ನು ಬಳಸಿ ಹುಡುಗರಿಗೆ ಸ್ವರ ಕಲಿಸುತ್ತಿದ್ದರು. ಆ ಗೀತೆಯ ಒಂದೊಂದು ತುಣುಕು ಹಿಂದಿನದಕ್ಕಿಂತ ಒಂದು ಸ್ವರ ಮೇಲೆ ಶುರುವಾಗುತ್ತದೆ. ತುಣುಕುಗಳ ಮೊದಲ ಅಕ್ಷರಗಳು ಉತ್, ರೆ, ಮಿ, ಫಾ, ಸೊಲ್, ಲಾ. 'ಉತ್' ಮುಂದೆ 'ದೊ' ಆಯಿತು.

ಗುರುತುಗಳಲ್ಲಿ ಇವಿಷ್ಟು ಗೊತ್ತಿರಲಿ.

ಒಂಟಿ ಚೌಕವನ್ನು ಪುಂಕ್ತುಮ್ ಎನ್ನುತ್ತಾರೆ. ಒಂದು ಸ್ವರ.

ಒಂದರ ಮೇಲೊಂದು ಕೂತ ಎರಡು ಚೌಕ ಪೊದಾತುಸ್. ಕೆಳಗಿನದನ್ನು ಮೊದಲು ಹಾಡಬೇಕು, ಆಮೇಲೆ ಮೇಲಿನದು. ಹೊಸಬರು ಅತಿ ಹೆಚ್ಚು ತಪ್ಪುವುದು ಇಲ್ಲೇ. ಕಣ್ಣು ಮೇಲಿನಿಂದ ಕೆಳಗೆ ಹೋಗುತ್ತದೆ, ಹಾಡು ಕೆಳಗಿನಿಂದ ಮೇಲೆ ಹೋಗುತ್ತದೆ.

ಮೇಲಿನಿಂದ ಬಲಕ್ಕೆ ಇಳಿಯುವ ಎರಡು ಚೌಕ ಕ್ಲೀವಿಸ್. ಇದು ಕಂಡ ಹಾಗೇ.

ಚೌಕದ ಪಕ್ಕದ ಚುಕ್ಕೆ ಎಂದರೆ ಆ ಸ್ವರವನ್ನು ಎರಡರಷ್ಟು ಹಿಡಿಯಿರಿ. ಇದು ಮಧ್ಯಯುಗದ ಹಸ್ತಪ್ರತಿಗಳಲ್ಲಿ ಇರಲಿಲ್ಲ. ಫ್ರಾನ್ಸಿನ ಸೊಲೆಮ್ ಮಠದ ಬೆನೆಡಿಕ್ಟೈನ್ ಸನ್ಯಾಸಿಗಳು ಹಳೆಯ ಚಾಂಟನ್ನು ಮತ್ತೆ ಬಳಕೆಗೆ ತಂದಾಗ ಕಲಿಯುವವರಿಗಾಗಿ ಸೇರಿಸಿದ್ದು.

ಅಡ್ಡಗೆರೆಗಳನ್ನು ಕತ್ತರಿಸುವ ಪುಟ್ಟ ಗೆರೆ ಎಂದರೆ ಸಣ್ಣ ವಿರಾಮ, ಅರ್ಧ ಗೆರೆ ಎಂದರೆ ಉಸಿರು, ಪೂರ್ತಿ ಗೆರೆ ಎಂದರೆ ಚೆನ್ನಾಗಿ ಉಸಿರು ತೆಗೆದುಕೊಳ್ಳಿ.

ಸಾಲಿನ ಕೊನೆಯಲ್ಲಿ ಒಂದು ಮರಿ ಸ್ವರ ಕಾಣುತ್ತದೆ. ಅದನ್ನು ಹಾಡಬೇಡಿ! ಮುಂದಿನ ಸಾಲು ಯಾವ ಸ್ವರದಿಂದ ಶುರು ಎಂದು ಮೊದಲೇ ತೋರಿಸುವ ದಾರಿಗಲ್ಲು ಅದು. ಕುಸ್ತೋಸ್ ಎಂದು ಅದರ ಹೆಸರು, ಅಂದರೆ ಕಾವಲುಗಾರ.

ಹಂತ 6: ಮೊದಲ ಸಾಲು

ಮೊದಲ ಸಾಲಿನ ಸ್ವರಗಳನ್ನು ಇಲ್ಲೇ ಕೊಡುತ್ತೇನೆ. ಇಷ್ಟು ಕೈಗೆ ಬಂದರೆ ಉಳಿದ ಐದು ಸಾಲನ್ನು ಹಾಳೆ ನೋಡಿ ನೀವೇ ಬಿಡಿಸಬಲ್ಲಿರಿ.

ತಾಂ: ಮಿ
ತುಮ್: ಮಿ ಫಾ
ಏರ್: ರೆ
ಗೊ: ಸೊಲ್
ಸಾ: ಸೊಲ್ ಲಾ
ಕ್ರಾ: ತಿ ದೊ
ಮೇಂ: ದೊ
ತುಮ್: ದೊ (ಚುಕ್ಕೆ ಇದೆ, ಎರಡರಷ್ಟು)

ಸರಿಗಮ ಬಲ್ಲವರು 'ಮಿ'ಯನ್ನೇ 'ಸ' ಎಂದು ಇಟ್ಟುಕೊಳ್ಳಿ. ಏಕೆಂದರೆ ಮೂರನೇ ಮೋಡು ಕೊನೆಗೆ ಬಂದು ನಿಲ್ಲುವುದು 'ಮಿ'ಯಲ್ಲಿ. ಆಗ ಸಾಲು ಹೀಗಾಗುತ್ತದೆ: ಸ, ಸರಿ, ಮಂದ್ರದ ನಿ, ಗ, ಗಮ, ಪದ, ದ, ದ. ಯಾವ ರಿ, ಯಾವ ಗ? ಮೇಳಕರ್ತದ ಲೆಕ್ಕದಲ್ಲಿ ಇವು ಎಂಟನೇ ಮೇಳ ಹನುಮತೋಡಿಯ ಸ್ವರಗಳು. ಧಾರವಾಡದ ಕಡೆ ಹಿಂದೂಸ್ತಾನಿ ಕಲಿತವರು ಭೈರವಿ ಥಾಟ್ ಎಂದರೆ ತಕ್ಷಣ ಹಿಡಿಯುತ್ತಾರೆ.

ಇಲ್ಲೊಂದು ದೊಡ್ಡ ಎಚ್ಚರಿಕೆ. ಸ್ವರಸ್ಥಾನ ಒಂದೇ ಆದ ಮಾತ್ರಕ್ಕೆ ಇದು ತೋಡಿ ರಾಗವಲ್ಲ. ತೋಡಿಯ ಜೀವವೇ ಗಮಕ. ಅದರ ಗಾಂಧಾರ ಒಂದು ಕಡೆ ನಿಲ್ಲುವುದಿಲ್ಲ. ಚಾಂಟಿನಲ್ಲಿ ಪ್ರತಿ ಸ್ವರವೂ ನೇರ. ದೀಪದ ಕುಡಿ ಗಾಳಿಯಿಲ್ಲದ ಕೋಣೆಯಲ್ಲಿ ನಿಂತ ಹಾಗೆ ನಿಲ್ಲಬೇಕು. ಸಂಗೀತ ಚೆನ್ನಾಗಿ ಕಲಿತವರಿಗೇ ಇದು ಕಷ್ಟ, ಏಕೆಂದರೆ ಅವರ ಗಂಟಲು ಕೇಳದೆಯೇ ತೂಗುತ್ತದೆ. ಅವರಿಗೆ ಒಂದು ಅಭ್ಯಾಸ: ತಂಬೂರಿ ಹಾಕಿಕೊಂಡು ಈ ಎಂಟು ಅಕ್ಷರಗಳನ್ನು ಪಿಸುದನಿಗಿಂತ ಸ್ವಲ್ಪ ಮೇಲೆ, ಒಂದೊಂದು ಸ್ವರವನ್ನೂ ಅಲುಗಿಸದೆ ಹಾಡಲಿ. ಸ್ವರದಿಂದ ಸ್ವರಕ್ಕೆ ಜಾರುವುದೂ ಬೇಡ. ಮೆಟ್ಟಿಲಿನ ಮೇಲೆ ಹೆಜ್ಜೆ ಇಟ್ಟ ಹಾಗೆ ಹೋಗಲಿ.

ಶ್ರುತಿ ಎಷ್ಟು? ಮೊದಲ ಸಾಲು ಒಂದರಲ್ಲೇ ಕೆಳಗಿನ ರೆಯಿಂದ ಮೇಲಿನ ದೊವರೆಗೆ ಏಳು ಸ್ವರಗಳ ಹರವು ಇದೆ. ಗಂಡಸರು ಹೆಂಗಸರು ಸೇರಿದ ಗುಂಪಿಗೆ 'ಮಿ'ಯನ್ನು ಹಾರ್ಮೋನಿಯಂನ ಬಿಳಿ ಎರಡರಲ್ಲಿ ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಪರೀಕ್ಷೆ ಸುಲಭ. 'ಮೇಂತುಮ್' ಎಂಬಲ್ಲಿಯ ಮೇಲಿನ ಸ್ವರವನ್ನು ಮೆಲ್ಲಗೆ ಹಾಡಲು ಆಗಬೇಕು. ಜೋರು ಮಾಡಿದರೆ ಮಾತ್ರ ಬರುತ್ತದೆ ಎಂದಾದರೆ ಶ್ರುತಿ ಇಳಿಸಿ. ತಂಬೂರಿ ಕಲಿಯುವಾಗ ಮಾತ್ರ ಇರಲಿ, ಪ್ರಾರ್ಥನೆಯ ಹೊತ್ತಿಗೆ ಅದನ್ನು ಬಿಡಬೇಕು.

ಹಂತ 7: ತಾಳ ಇಲ್ಲ, ಹರಿವು ಇದೆ

ಚಾಂಟಿಗೆ ತಾಳ ಇಲ್ಲ. ಕೀಬೋರ್ಡಿನ ರಿದಮ್ ಬಟನ್ ಮುಟ್ಟಲೇಬೇಡಿ. ಕೈ ತಟ್ಟುವುದು, ಕಾಲು ಕುಟ್ಟುವುದೂ ಬೇಡ. ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಸಮ, ಚುಕ್ಕೆ ಇದ್ದದ್ದು ಎರಡರಷ್ಟು. ಅದರ ಮೇಲೆ ಹಂತ 4ರಲ್ಲಿ ಗುರುತಿಸಿದ ಒತ್ತುಗಳು ಅಲೆಯ ಹಾಗೆ ಏಳುತ್ತವೆ, ಇಳಿಯುತ್ತವೆ.

ಎರಡೆರಡು ಸಾಲನ್ನು ಒಂದು ಜೋಡಿ ಎಂದು ನೋಡಿ. 8 ಅಕ್ಷರದ ಸಾಲು ಒಂದು ಮಾತನ್ನು ಎತ್ತುತ್ತದೆ, 7 ಅಕ್ಷರದ್ದು ಅದನ್ನು ಮುಗಿಸುತ್ತದೆ. ನಡುವೆ ಪುಟ್ಟ ಉಸಿರು, ಜೋಡಿ ಮುಗಿದಮೇಲೆ ಪೂರ್ತಿ ಉಸಿರು. ಪದದ ನಡುವೆ ಯಾವ ಕಾರಣಕ್ಕೂ ಉಸಿರು ಬೇಡ. ಉಸಿರು ಸಾಲದವರು ಪಕ್ಕದವರು ಹಾಡುತ್ತಿರುವಾಗ ಒಂದು ಅಕ್ಷರ ಬಿಟ್ಟು ಮತ್ತೆ ಸೇರಿಕೊಳ್ಳಲಿ.

ಭಕ್ತಿ ಎಂದರೆ ನಿಧಾನ ಎಂಬ ತಪ್ಪು ಕಲ್ಪನೆ ನಮ್ಮಲ್ಲಿ ಬಹಳ ಇದೆ. ಎಳೆದು ಎಳೆದು ಹಾಡಿದರೆ ಪದ ಒಡೆಯುತ್ತದೆ, ಶ್ರುತಿ ಇಳಿಯುತ್ತದೆ, ಮಂಡಿಯೂರಿದ ಅಜ್ಜಿಯರ ಕಾಲು ಸೋಲುತ್ತದೆ. ಗಡಿಯಾರ ಇಟ್ಟು ನೋಡಿ. ಒಂದು ಚರಣಕ್ಕೆ ಒಂದು ನಿಮಿಷ ದಾಟಿದರೆ ನೀವು ಎಳೆಯುತ್ತಿದ್ದೀರಿ. ಗಂಭೀರವಾಗಿ ಓದುವ ವೇಗವೇ ಹಾಡುವ ವೇಗ.

ಹಂತ 8: ಗುಂಪಾಗಿ

ಒಬ್ಬರು ಮೊದಲ ಪದಗಳನ್ನು ಎತ್ತಿಕೊಡಲಿ. ಹಾಳೆಯಲ್ಲಿ ನಕ್ಷತ್ರದ ಗುರುತಿದ್ದರೆ ಅಲ್ಲಿಂದ ಎಲ್ಲರೂ ಸೇರಬೇಕು ಎಂದರ್ಥ. ಎತ್ತಿಕೊಡುವವರಿಗೆ ದೊಡ್ಡ ಕಂಠ ಬೇಕಿಲ್ಲ, ಶ್ರುತಿ ಗಟ್ಟಿಯಾಗಿದ್ದರೆ ಸಾಕು.

ಎಲ್ಲರೂ ಒಂದೇ ಧಾಟಿ. ಎರಡನೇ ಕಂಠ, ಮೂರನೇ ಕಂಠ ಸೇರಿಸಬೇಡಿ. ಅರ್ಧವೃತ್ತವಾಗಿ ಹತ್ತಿರ ಹತ್ತಿರ ನಿಂತು ಪಕ್ಕದವರ ದನಿ ಕೇಳುವಷ್ಟೇ ಜೋರಾಗಿ ಹಾಡಿ. ಪಕ್ಕದವರು ಕೇಳಿಸುತ್ತಿಲ್ಲ ಎಂದರೆ ನಿಮ್ಮದು ಜಾಸ್ತಿಯಾಗಿದೆ. ಮೈಕ್ ಬೇಕೇ ಬೇಕು ಎಂದಾದರೆ ಒಂದನ್ನು ದೂರದಲ್ಲಿಡಿ. ಎಕೋ ಆಫ್ ಮಾಡಿಸಿ.

ಹಂತ 9: ಪ್ರಾರ್ಥನೆಯಲ್ಲಿ ಎಲ್ಲಿ ಹಾಡಬೇಕು

ಪರಮಪ್ರಸಾದದ ಆರಾಧನೆಯಲ್ಲಿ ಇದರ ಜಾಗ ಕೊನೆಯಲ್ಲಿ, ಆಶೀರ್ವಾದಕ್ಕೆ ಮುಂಚೆ. ಗುರುಗಳು ಪೀಠದ ಮುಂದೆ ಮಂಡಿಯೂರಿದಾಗ ಶುರು ಮಾಡಿ. ಹಾಡು ನಡೆಯುತ್ತಿರುವಾಗಲೇ ಅವರು ಧೂಪ ಅರ್ಪಿಸುತ್ತಾರೆ. 'ವೆನೆರೇಮುರ್ ಚೇರ್ನು-ಇ', ಅಂದರೆ 'ತಲೆಬಾಗಿ ಆರಾಧಿಸೋಣ' ಎಂಬಲ್ಲಿ ತಲೆ ಬಾಗಿಸುವುದು ಹಳೆಯ ಪದ್ಧತಿ. ನೀವೂ ಬಾಗಿ. ಹಾಳೆಯಿಂದ ಕಣ್ಣು ಬಿಡಬೇಕಾಗುತ್ತದೆ, ಅದಕ್ಕಾಗಿ ಆ ಸಾಲಾದರೂ ಬಾಯಿಪಾಠ ಇರಲಿ.

ಹಾಡಾದಮೇಲೆ ಗುರುಗಳು ಹಳೆಯ ವಚನವನ್ನು ಲ್ಯಾಟಿನ್‌ನಲ್ಲೇ ಹೇಳಿದರೆ ಉತ್ತರ ಗೊತ್ತಿರಲಿ. ಅವರು 'ಪಾನೆಮ್ ದೆ ಚೇಲೊ ಪ್ರೆಸ್ತಿತೀಸ್ತಿ ಏ-ಇಸ್' ಎನ್ನುತ್ತಾರೆ, ಸ್ವರ್ಗದಿಂದ ಅವರಿಗೆ ರೊಟ್ಟಿ ಕೊಟ್ಟಿರಿ ಎಂದು. ನಿಮ್ಮ ಉತ್ತರ: 'ಓಮ್ನೆ ದೆಲೆಕ್ತಾಮೇಂತುಮ್ ಇನ್ ಸೆ ಆಬೇಂತೆಮ್'. ಎಲ್ಲ ಸವಿಯನ್ನೂ ತನ್ನೊಳಗೆ ತುಂಬಿಕೊಂಡ ರೊಟ್ಟಿ.

ಪವಿತ್ರ ಗುರುವಾರದ ಕ್ರಮ ಬೇರೆ. ಪ್ರಭುಭೋಜನದ ಪೂಜೆ ಮುಗಿದು ಪರಮಪ್ರಸಾದವನ್ನು ಬೇರೆ ಪೀಠಕ್ಕೆ ಮೆರವಣಿಗೆಯಲ್ಲಿ ಒಯ್ಯುವಾಗ ಪಾಂಜೆ ಲಿಂಗ್ವಾದ ಮೊದಲ ನಾಲ್ಕು ಚರಣಗಳನ್ನು ಹಾಡಬೇಕು. ದಾರಿ ಉದ್ದವಾದರೆ ಅವನ್ನೇ ಮತ್ತೆ ಹಾಡಿ. ತಾಂತುಮ್ ಎರ್ಗೊವನ್ನು ಅಲ್ಲಿಗೆ ತಲುಪಿದಮೇಲೆ, ಧೂಪದ ಹೊತ್ತಿಗೆ ಉಳಿಸಿಕೊಳ್ಳಿ. ಮೆರವಣಿಗೆ ಅರ್ಧ ದಾರಿಯಲ್ಲಿರುವಾಗಲೇ ಹಾಡಿ ಮುಗಿಸಿಬಿಡುವುದು ಬಹಳ ಕಡೆ ಆಗುವ ತಪ್ಪು. ಒಬ್ಬರನ್ನು ಬಾಗಿಲ ಹತ್ತಿರ ನಿಲ್ಲಿಸಿ ಸನ್ನೆ ಮಾಡಲು ಹೇಳಿ. ಆರು ಚರಣಕ್ಕೂ ಧಾಟಿ ಒಂದೇ ಆದ್ದರಿಂದ ಉಳಿದ ನಾಲ್ಕಕ್ಕೆ ನೀವು ಕಲಿಯಬೇಕಾದದ್ದು ಪದಗಳನ್ನು ಮಾತ್ರ. ಆ ಸಂಜೆ ಪೂಜೆಯಲ್ಲಿ ಗ್ಲೋರಿಯಾ ಎಂಬ ಸ್ತುತಿಗೀತೆ ಆದಮೇಲೆ ವಾದ್ಯಗಳನ್ನು ಹಾಡಿಗೆ ಆಸರೆಯಾಗಿ ಮಾತ್ರ ಬಳಸಬಹುದು. ವಾದ್ಯವೇ ಬೇಡದ ಈ ಧಾಟಿ ಆ ರಾತ್ರಿಯ ಮೌನಕ್ಕೆ ಎಷ್ಟು ಹೊಂದುತ್ತದೆ ಎಂಬುದು ಹಾಡಿದಮೇಲೆ ನಿಮಗೇ ತಿಳಿಯುತ್ತದೆ.

ಇದಾದಮೇಲೆ ಏನು ಕಲಿಯಬೇಕು?

ಮಾತೆ ಮರಿಯಮ್ಮನವರ ನಾಲ್ಕು ಕಿರುಗೀತೆಗಳಿಗೆ ಹೋಗಿ. ಪೂಜಾವರ್ಷದ ಒಂದೊಂದು ಕಾಲಕ್ಕೆ ಒಂದೊಂದು. ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದಿಂದ ಫೆಬ್ರವರಿ 2ರವರೆಗೆ ಆಲ್ಮಾ ರೆದೆಂಪ್ತೋರಿಸ್ ಮಾತೆರ್. ಅಲ್ಲಿಂದ ಪವಿತ್ರ ವಾರದವರೆಗೆ ಆವೆ ರೆಜೀನಾ ಚೆಲೋರುಮ್. ಪಾಸ್ಖ (ಈಸ್ಟರ್) ಕಾಲದಲ್ಲಿ ರೆಜೀನಾ ಚೇಲಿ. ಪೆಂತಕೋಸ್ತಿನ ನಂತರ ಮತ್ತೆ ಆಗಮನ ಕಾಲ ಬರುವವರೆಗೆ ಸಾಲ್ವೆ ರೆಜೀನಾ. ಪ್ರತಿಯೊಂದಕ್ಕೂ ಒಂದು ಸರಳ ಧಾಟಿ, ಒಂದು ವಿಸ್ತಾರದ ಧಾಟಿ ಇವೆ. ಹಾಳೆ ತೆಗೆಯುವಾಗ ಸರಳದ್ದನ್ನೇ ತೆಗೆದುಕೊಳ್ಳಿ. ನಾನಾಗಿದ್ದರೆ ಸಾಲ್ವೆ ರೆಜೀನಾದಿಂದ ಶುರು ಮಾಡುತ್ತೇನೆ, ಏಕೆಂದರೆ ವರ್ಷದಲ್ಲಿ ಅತಿ ಹೆಚ್ಚು ದಿನ ಹಾಡಲು ಸಿಗುವುದು ಅದೇ. ಸರಳ ಧಾಟಿಯ ಮೊದಲ ಐದು ಸ್ವರ ದೊ, ಮಿ, ಸೊಲ್, ಲಾ, ಸೊಲ್. ಇಲ್ಲಿ 'ದೊ'ವನ್ನೇ 'ಸ' ಮಾಡಿಕೊಂಡರೆ ಶಂಕರಾಭರಣದ ಸ, ಗ, ಪ, ದ, ಪ. ಆದರೆ ಅಲ್ಲೂ ಮೊದಲ ವಾರ ಸ್ವರ ಬೇಡ, ಬರೀ ಪದ ಓದಿ.